ಗಿಟಾರ್ ಬಾರದವನ ಸ್ಟ್ರಮ್ಮಿಂಗ್

ನಾನು ಕೀಬೋರ್ಡ್ ನುಡಿಸುವವನು. ಗಿಟಾರ್ ಹಿಡಿದರೆ ಹತ್ತು ನಿಮಿಷಕ್ಕೆ ಬೆರಳ ತುದಿ ಉರಿಯುತ್ತದೆ. ಹಾಡಿಗೆ ಅಕೌಸ್ಟಿಕ್ ಗಿಟಾರ್ ಬೇಕೆಂದರೆ ಕಂಪ್ಯೂಟರಿನಲ್ಲಿ ವಾದ್ಯದ ಸದ್ದು ಕೊಡುವ ತಂತ್ರಾಂಶ, ಅಂದರೆ ಪ್ಲಗಿನ್ನೇ ಗತಿ. ಹಾಗೆ ಮಾಡಿದ ಮೊದಲ ಟ್ರ್ಯಾಕನ್ನು ಗಿಟಾರ್ ನುಡಿಸುವ ಗೆಳೆಯನಿಗೆ ಕೇಳಿಸಿದೆ. "ಹಾರ್ಮೋನಿಯಂಗೆ ತಂತಿ ಕಟ್ಟಿದ ಹಾಗಿದೆ ಕಣೋ" ಎಂದ. ಬೇಜಾರಾಗಿ ಇನ್ನೊಂದು ಪ್ಲಗಿನ್ ಕೊಂಡೆ. ದುಡ್ಡು ಹೋಯ್ತು, ಹಾರ್ಮೋನಿಯಂ ಹೋಗಲಿಲ್ಲ.

ಮೊದಲ ತಪ್ಪು ಕಾರ್ಡಿನಲ್ಲೇ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲೇ ಇತ್ತು. ಜಿ ಮೇಜರ್ ಎಂದರೆ ನಾನು ಜಿ, ಬಿ, ಡಿ ಮೂರನ್ನೇ ಪಕ್ಕಪಕ್ಕದಲ್ಲಿ ಒತ್ತುತ್ತಿದ್ದೆ. ಗಿಟಾರಿನಲ್ಲಿ ಓಪನ್ ಜಿ (ಕೆಲವು ತಂತಿಗಳನ್ನು ಒತ್ತದೆ ಖಾಲಿ ಬಿಡುವ ಜಿ ಕಾರ್ಡ್) ಹಿಡಿದರೆ ಆರೂ ತಂತಿ ನುಡಿಯುತ್ತವೆ. ದಪ್ಪ ತಂತಿಯಿಂದ ಎಣಿಸಿದರೆ ಜಿ, ಬಿ, ಡಿ, ಜಿ, ಬಿ, ಜಿ. ಮಿಡಿ ಸಂಖ್ಯೆಯಲ್ಲಿ (ಕಂಪ್ಯೂಟರಿನಲ್ಲಿ ಪ್ರತಿ ಸ್ವರಕ್ಕೂ ಇರುವ ಅಂಕಿ) 43, 47, 50, 55, 59, 67. ಎರಡು ಆಕ್ಟೇವ್ (ಸ್ಥಾಯಿ) ಅಗಲ! ಓಪನ್ ಸಿ ಕಾರ್ಡಿಗೆ ಐದು ತಂತಿ ಸಾಕು, ಡಿ ಕಾರ್ಡಿಗೆ ನಾಲ್ಕೇ. ಇದನ್ನು ಸರಿಮಾಡಿದ ದಿನವೇ ಅರ್ಧ ಗಿಟಾರ್ ಬಂತು.

ಆಮೇಲೆ ಗೆಳೆಯನ ಬಲಗೈಯನ್ನು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿಕೊಂಡೆ. ಬೆರಳಲ್ಲಿ ಹಿಡಿದು ಮೀಟುವ ಪಿಕ್ ತಂತಿಗಳನ್ನು ಒಟ್ಟಿಗೆ ಹೊಡೆಯುವುದಿಲ್ಲ, ಒಂದೊಂದಾಗಿ ಸವರಿಕೊಂಡು ಹೋಗುತ್ತದೆ. ಈಗ ನಾನು ತಂತಿಯಿಂದ ತಂತಿಗೆ 4ರಿಂದ 6 ಮಿಲಿಸೆಕೆಂಡ್ ಅಂತರ ಇಡುತ್ತೇನೆ. ಹಾಡಿನ ಕೊನೆಯ ನಿಧಾನದ ಹೊಡೆತಕ್ಕೆ 20ರವರೆಗೂ ಹೋಗುತ್ತೇನೆ. ಡೌನ್ ಸ್ಟ್ರೋಕನ್ನು, ಅಂದರೆ ಕೆಳಮುಖ ಹೊಡೆತವನ್ನು, ಬೀಟಿಗಿಂತ ಚೂರು ಮೊದಲೇ ಶುರುಮಾಡುತ್ತೇನೆ. ಸರಿಯಾಗಿ ಬೀಟಿನ ಮೇಲೇ ಶುರುಮಾಡಿದರೆ ತಡವಾದಂತೆ ಕೇಳುತ್ತದೆ. ಅಪ್ ಸ್ಟ್ರೋಕಿನಲ್ಲಿ ಕ್ರಮ ತಿರುಗುಮುರುಗು. ಸಣ್ಣ ತಂತಿಯಿಂದ ಮೇಲಕ್ಕೆ, ಅದೂ ಮೂರು ನಾಲ್ಕು ತಂತಿ ಮಾತ್ರ. ವೆಲಾಸಿಟಿಯೂ (ಹೊಡೆತದ ಜೋರು ಎಷ್ಟೆಂದು ಹೇಳುವ ಮಿಡಿ ಅಂಕಿ) 20ರಷ್ಟು ಕಮ್ಮಿ.

ವಿಡಿಯೋದಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯ್ತು. ಅವನ ಕೈ ನಿಲ್ಲುವುದೇ ಇಲ್ಲ! ತಂತಿ ಮುಟ್ಟಲಿ ಬಿಡಲಿ, ಗಡಿಯಾರದ ಲೋಲಕದಂತೆ ಕೆಳಗೆ ಮೇಲೆ ಆಡುತ್ತಲೇ ಇರುತ್ತದೆ. ಡೌನ್, ಡೌನ್ ಅಪ್, ಅಪ್ ಡೌನ್ ಅಪ್ ಎನ್ನುವ ಪ್ಯಾಟರ್ನ್ ನಿಮಗೂ ಗೊತ್ತಿರಬಹುದು. ಅದರ ಮೂರನೇ ಬೀಟಿನಲ್ಲಿ ಕೈ ಗಾಳಿಯಲ್ಲಿ ಖಾಲಿ ಬೀಸುತ್ತದೆ. ಅದಕ್ಕೇ ಅಲ್ಲಿ ಎರಡು ಅಪ್ ಸಾಲಾಗಿ ಬರುತ್ತವೆ. ನಾನು ಎರಡನೆಯದನ್ನು ಡೌನ್ ಮಾಡಿ ಕೂತಿದ್ದೆ. ಕೇಳುವವರಿಗೆ ಏನು ತಪ್ಪು ಅಂತ ಹೇಳಲು ಬರದಿದ್ದರೂ ಕಿವಿಗೆ ಕಸಿವಿಸಿ. ಈಗ ಪೆನ್ಸಿಲ್ಲಿನಿಂದ ಮೇಜನ್ನು ಸವರುತ್ತಾ ಪ್ಯಾಟರ್ನ್ ಆಡಿಸಿ ನೋಡಿಯೇ ಕಂಪ್ಯೂಟರಿನಲ್ಲಿ ಸ್ವರಗಳನ್ನು ಕೂರಿಸುವ ಪಿಯಾನೋ ರೋಲ್ ತೆರೆಯುತ್ತೇನೆ. ಮನೆಯವರಿಗೆ ಇದೊಂದು ತಮಾಷೆ.

ಎಡಗೈಯನ್ನೂ ಮರೆಯಬಾರದು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗಲು ಬೆರಳಿಗೆ ಸಮಯ ಬೇಕಲ್ವಾ? ಕಾರ್ಡ್ ಬದಲಾಗುವ ಮುಂಚಿನ ಕೊನೆಯ ಅಪ್ ಸ್ಟ್ರೋಕಿನಲ್ಲಿ ಗಿಟಾರಿಸ್ಟ್ ಬೆರಳೆತ್ತಿಬಿಟ್ಟಿರುತ್ತಾನೆ, ಖಾಲಿ ತಂತಿಗಳೇ ನುಡಿಯುತ್ತವೆ. ನಾನು ಅಲ್ಲಿ 64, 59, 55 ಈ ಮೂರನ್ನು ಮೆಲ್ಲಗೆ ಹಾಕುತ್ತೇನೆ. ಕಾರ್ಡಿಗೆ ಹೊಂದದ ಸ್ವರ ಇದ್ದರೂ ಪರವಾಗಿಲ್ಲ.

ಮನುಷ್ಯ ನುಡಿಸಿದಂತೆ ಕೇಳಲೆಂದು ಇರುವ ಹ್ಯೂಮನೈಸ್ ಬಟನ್ನಿನ ಮೇಲೆ ನನಗೆ ನಂಬಿಕೆ ಇಲ್ಲ. ಅದು ಎಲ್ಲವನ್ನೂ ಸುಮ್ನೆ ಅಲ್ಲಾಡಿಸುತ್ತದೆ, ಕುಡಿದವನು ನುಡಿಸಿದ ಹಾಗೆ. ವೆಲಾಸಿಟಿಯನ್ನು ಕೈಯಾರೆ ತಿದ್ದುವುದೇ ವಾಸಿ.

ಎಡಕ್ಕೊಂದು ಬಲಕ್ಕೊಂದು ಗಿಟಾರ್ ಬೇಕಿದ್ದಾಗ ಒಂದೇ ಟ್ರ್ಯಾಕ್ ಕಾಪಿ ಮಾಡಿ, ಚೂರು ಹಿಂದೆ ತಳ್ಳಿ ಇಡುತ್ತಿದ್ದೆ. ಎರಡೂ ಕೂಡಿದಾಗ ಸದ್ದು ಪೊಳ್ಳು. ಈಗ ಎರಡನೆಯದನ್ನು ಬೇರೆಯಾಗಿಯೇ ಮಾಡುತ್ತೇನೆ. ಒಂದು ಕಡೆ ಓಪನ್ ಜಿ, ಇನ್ನೊಂದು ಕಡೆ ಐದನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಕೇಪೋ, ಅಂದರೆ ಎಲ್ಲ ತಂತಿ ಒತ್ತಿಹಿಡಿಯುವ ಕ್ಲಿಪ್, ಹಾಕಿ ಡಿ ಆಕಾರ. ಅದೂ ಜಿ ಮೇಜರೇ, ಆದರೆ ಬಣ್ಣ ಬೇರೆ. ಬೇಸ್ ಇರುವ ಹಾಡಾದರೆ ಎರಡರಲ್ಲೂ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ.

ಇಷ್ಟೆಲ್ಲ ಇದ್ದರೂ ಗಿಟಾರ್ ಒಂದೇ ಕೇಳುವ ಶುರುವಿನ ನಾಲ್ಕು ಬಾರ್‌ಗಳಿಗೆ ಈಗಲೂ ಆ ಗೆಳೆಯನನ್ನೇ ಕರೆಯುತ್ತೇನೆ. ಎರಡು ಕಾಫಿ ಖರ್ಚು, ಅಷ್ಟೇ.