ನೆಟ್ ಇಲ್ಲದ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಹಾಕುವುದು ಹೇಗೆ?

ಊರಿನ ಮನೆಯ ಕಂಪ್ಯೂಟರ್‌ಗೆಂದು ಪೆನ್‌ಡ್ರೈವ್‌ನಲ್ಲಿ ಒಂದು ಬ್ರೌಸರ್ ಹಾಕಿಕೊಂಡು ಹೋಗಿದ್ದೆ. ಡಬಲ್ ಕ್ಲಿಕ್ ಮಾಡಿದರೆ, ಇಂಟರ್‌ನೆಟ್ ಬೇಕು ಅಂತು! ತಪ್ಪು ನನ್ನದೇ. ಫೈಲ್ ಎರಡು ಎಂಬಿ ಕೂಡ ಇರಲಿಲ್ಲ, ಆಗಲೇ ಅನುಮಾನ ಬರಬೇಕಿತ್ತು. ಅಷ್ಟು ಪುಟ್ಟ ಫೈಲ್ ಸಾಫ್ಟ್‌ವೇರ್ ಅಲ್ಲ, ಅದನ್ನು ನೆಟ್‌ನಿಂದ ತರಿಸುವ ಆಳು ಅಷ್ಟೇ.

ಹಾಗಾಗಿ ಮೊದಲು ಒಂದು ಚೀಟಿ ಮಾಡಿಕೊಳ್ಳಿ. ಆ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ವಿಂಡೋಸ್ 10 ಇದೆಯೋ 11 ಇದೆಯೋ, ವರ್ಷನ್ ಯಾವುದು, 32 ಬಿಟ್ಟೋ 64 ಬಿಟ್ಟೋ ಎಲ್ಲ ಸಿಗುತ್ತದೆ. ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಂಡರೂ ಆಯಿತು.

ಆಮೇಲೆ ನೆಟ್ ಇರುವ ಕಡೆ ಕೂತು, ಆಫ್‌ಲೈನ್ ಅಥವಾ ಸ್ಟ್ಯಾಂಡ್‌ಅಲೋನ್ ಇನ್‌ಸ್ಟಾಲರ್ (ಅಂದರೆ ನೆಟ್ ಇಲ್ಲದೆಯೂ ಹಾಕಬಹುದಾದ ಪೂರ್ತಿ ಫೈಲ್) ಹುಡುಕಿ, ಅದೂ ತಯಾರಿಸಿದವರ ಸೈಟ್‌ನಿಂದಲೇ. ವಿಎಲ್‌ಸಿ, ಲಿಬ್ರೆ ಆಫೀಸ್ ಹೇಗೂ ಪೂರ್ತಿಯಾಗೇ ಬರುತ್ತವೆ. ಜೊತೆಗೆ ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಕೂಡ ಇಳಿಸಿಕೊಳ್ಳಿ. ‘ಡಿಎಲ್‌ಎಲ್ (ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಫೈಲ್) ಇಲ್ಲ’ ಅಂತ ಎಷ್ಟೋ ಸಾಫ್ಟ್‌ವೇರ್ ಮುನಿಸಿಕೊಳ್ಳುವುದು ಇದಿಲ್ಲದೇ.

ವಿಂಡೋಸ್ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಅನ್ನುವ ಸೈಟ್ ಇದೆ. ಅಲ್ಲಿ ಚೀಟಿಯಲ್ಲಿರುವ ವರ್ಷನ್‌ಗೆ ಬಂದ ಇತ್ತೀಚಿನ ಕ್ಯುಮ್ಯುಲೇಟಿವ್ ಅಪ್‌ಡೇಟ್ ಹುಡುಕಿ. ಪ್ರತಿ ತಿಂಗಳಿನದರಲ್ಲಿ ಹಿಂದಿನ ತಿಂಗಳುಗಳದ್ದೂ ಸೇರಿರುತ್ತದೆ, ಹಳೆಯದನ್ನೆಲ್ಲ ಸುಮ್ನೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಡೌನ್‌ಲೋಡ್ ಒತ್ತಿದಾಗ ಒಂದಕ್ಕಿಂತ ಜಾಸ್ತಿ ಫೈಲ್ ಕಂಡರೆ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಇಳಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ.

ಕಾಪಿ ಮಾಡುವಾಗ ಜಾಗ ಇದ್ದರೂ ‘ಫೈಲ್ ದೊಡ್ಡದಾಯಿತು’ ಅಂದರೆ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ ಎಂದರ್ಥ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ. ಒಳಗಿರುವುದನ್ನು ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ನೆಟ್ಟೇ ಇಲ್ಲ, ವೈರಸ್ ಎಲ್ಲಿಂದ ಬರುತ್ತೆ ಅಂತೀರಾ? ಇದೇ ಪೆನ್‌ಡ್ರೈವ್‌ನಿಂದ! 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಹರಡಿದ್ದೂ ಹೀಗೇ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು ಕಲಿಸುವ ಫೈಲನ್ನೂ ಮೈಕ್ರೋಸಾಫ್ಟ್ ಬಿಡಿಯಾಗಿ ಕೊಡುತ್ತದೆ. ಊರಿಗೆ ಹೋದ ಮೇಲೆ ಮೊದಲು ಅದನ್ನು ಹಾಕಿ, ಇಡೀ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ, ಆಮೇಲೆ ವಿಂಡೋಸ್ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಕೊಡಿ. ಇದಕ್ಕೆ ಹೊತ್ತು ಹಿಡಿಯುತ್ತದೆ, ಕರೆಂಟ್ ಹೋಗದ ಸಮಯ ನೋಡಿಕೊಂಡು ಕೂತರೆ ಒಳ್ಳೆಯದು. ಉಳಿದ ಸಾಫ್ಟ್‌ವೇರ್ ಕೊನೆಗೆ.

ಇನ್‌ಸ್ಟಾಲರ್‌ಗಳನ್ನು ಅಳಿಸಬೇಡಿ. ಡಿ ಡ್ರೈವ್‌ನಲ್ಲಿ ತಾರೀಕು ಹಾಕಿದ ಫೋಲ್ಡರ್ ಮಾಡಿ ಅಲ್ಲೇ ಬಿಟ್ಟು ಬನ್ನಿ.