ತಟ್ಟೆಗೆ ಬಂದದ್ದು ಮುಖಕ್ಕೆ ಬರುವವರೆಗೆ

ಕೂದಲು ವಿಪರೀತವಾಗಿ ಉದುರುತ್ತಿದೆ ಎಂದು ಮನೆಯ ಕಿರಿಯರು ದೂರಿಕೊಂಡಾಗ ಯಾವ ಎಣ್ಣೆ ಹಚ್ಚುತ್ತಿದ್ದೀರಿ ಎಂದು ನಾನು ಕೇಳುವುದಿಲ್ಲ. ಎರಡು ಮೂರು ತಿಂಗಳ ಹಿಂದೆ ಜ್ವರದಿಂದ ಮಲಗಿದ್ದಿರೇ, ಹೆರಿಗೆಯಾಗಿತ್ತೇ, ತೂಕ ಇಳಿಸುವ ಅವಸರದಲ್ಲಿ ಊಟ ಬಿಟ್ಟಿದ್ದಿರೇ ಎಂದು ಕೇಳುತ್ತೇನೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಅಥವಾ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದಾಗ ಅಸಂಖ್ಯ ಕೂದಲ ಬುಡಗಳು ಒಮ್ಮೆಲೇ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಸರಿಯುತ್ತವೆ, ಆದರೆ ಆ ಕೂದಲು ಬಾಚಣಿಗೆಗೆ ಸಿಕ್ಕುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟು ಹೊತ್ತಿಗೆ ಕಾರಣ ಮರೆತುಹೋಗಿರುತ್ತದೆ, ಆರೋಪ ಶಾಂಪೂವಿನ ಮೇಲೋ ಸ್ನಾನದ ನೀರಿನ ಮೇಲೋ ಬೀಳುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ. ಅದಕ್ಕಿಂತ ಬಹಳ ಹೆಚ್ಚಾದಾಗ ಮಾತ್ರ ಹಿಂದಿನ ತಿಂಗಳುಗಳ ಊಟವನ್ನೂ ಆರೋಗ್ಯವನ್ನೂ ಲೆಕ್ಕ ಹಾಕಬೇಕು.

ಆಹಾರಕ್ಕೂ ರೂಪಕ್ಕೂ ಇರುವ ನಂಟನ್ನು ಅರಿಯಲು ಈ ವಿಳಂಬವನ್ನು ಮೊದಲು ಗಮನದಲ್ಲಿಟ್ಟುಕೊಳ್ಳಬೇಕು. ಕೈ ಬಿಗಿಯಾದ ವರ್ಷ ಮನೆಯವರು ದಿನಸಿ ತರುವುದನ್ನು ಬಿಡದೆ ಗೋಡೆಗೆ ಬಣ್ಣ ಬಳಿಸುವುದನ್ನು ಮುಂದೂಡುವಂತೆ, ದೇಹವೂ ಪೋಷಕಾಂಶ ಕಡಿಮೆಯಾದಾಗ ಹೃದಯ, ಮೆದುಳುಗಳ ಪಾಲನ್ನು ಉಳಿಸಿ ಕೂದಲು, ಉಗುರು, ಚರ್ಮಗಳ ಪಾಲನ್ನು ಕಡಿತಗೊಳಿಸುತ್ತದೆ. ಕೊರತೆ ತುಂಬಿಕೊಟ್ಟ ಮರುದಿನವೇ ಫಲ ಕಾಣುವುದೂ ಇಲ್ಲ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದರಿಂದ ಒಂದೂವರೆ ತಿಂಗಳು ಬೇಕು, ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಕೈಬೆರಳಿನ ಉಗುರು ಬುಡದಿಂದ ತುದಿಗೆ ಬರಲು ಆರು ತಿಂಗಳು ಹಿಡಿಯುತ್ತದೆ, ಕಾಲಿನದಕ್ಕೆ ಒಂದು ವರ್ಷಕ್ಕೂ ಹೆಚ್ಚು. ಆದ್ದರಿಂದ ಒಂದು ವಾರದಲ್ಲಿ ಮುಖಕ್ಕೆ ಕಾಂತಿ ಬರಿಸುವ ಆಹಾರ ಎಂದು ಯಾರಾದರೂ ಹೇಳಿದರೆ ಅವರ ಮಾತಿಗಿಂತ ಅವರು ಮಾರುತ್ತಿರುವ ಡಬ್ಬಿಯತ್ತ ಹೆಚ್ಚು ಗಮನ ಕೊಡುವುದು ಲೇಸು.

ಕೂದಲು, ಉಗುರುಗಳೆರಡೂ ಬಹುಪಾಲು ಪ್ರೋಟೀನಿನಿಂದಲೇ ಆದವು. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನು ಬೇಕು, ಅಂದರೆ 55 ಕಿಲೋ ತೂಗುವವರಿಗೆ 45 ಗ್ರಾಂ ಹತ್ತಿರ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಏಳೆಂಟು ಗ್ರಾಂ, ನೂರು ಗ್ರಾಂ ಒಣ ಬೇಳೆಕಾಳುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಗ್ರಾಂ ಇರುತ್ತದೆ. ಈ ಲೆಕ್ಕವನ್ನು ನಿತ್ಯ ಬರೆದಿಡಬೇಕಾಗಿಲ್ಲ. ಆದರೆ ಬೆಳಿಗ್ಗೆ ಬಿಸ್ಕತ್ತು, ಮಧ್ಯಾಹ್ನ ಬರಿಯ ಪಿಷ್ಟದ ಊಟ, ರಾತ್ರಿ ಮತ್ತೆ ಅದೇ ಆದರೆ ಹೊಟ್ಟೆ ತುಂಬಿಯೂ ಕೂದಲಿಗೆ ಕಚ್ಚಾ ಸಾಮಗ್ರಿ ಸಿಕ್ಕಿರುವುದಿಲ್ಲ ಎಂಬುದನ್ನು ಅಡುಗೆ ಮಾಡುವವರು ಅರಿತಿರಬೇಕು. ಮೂರು ಹೊತ್ತಿನ ಊಟದಲ್ಲೂ ಕಾಳು, ಮೊಸರು, ಮೊಟ್ಟೆ, ಮೀನು ಮೊದಲಾದವುಗಳಲ್ಲಿ ಒಂದಾದರೂ ಇರಲಿ ಎಂಬ ಒಂದೇ ನಿಯಮ ಸಾಕು.

ಕಬ್ಬಿಣದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮನೆಯ ಹೆಂಗಸರ ಬಿಳಿಚಿದ ಮುಖ, ಮೆಟ್ಟಿಲು ಹತ್ತುವಾಗ ಬರುವ ಏದುಸಿರು, ತೆಳುವಾಗಿ ಮುರಿಯುವ ಉಗುರು ಇವುಗಳ ಹಿಂದೆ ಹಲವು ಬಾರಿ ಇರುವುದು ಇದರ ಕೊರತೆಯೇ. ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಜಗ್ಗಿ ನೋಡಿದರೆ ಒಳಭಾಗ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೊರತೆ ಬಹಳ ದಿನ ಉಳಿದರೆ ಉಗುರು ಚಮಚದಂತೆ ಒಳಕ್ಕೆ ಬಾಗುವುದೂ ಉಂಟು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಕರುಳು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಆದರೆ ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಚೆನ್ನಾಗಿ ಹೆಚ್ಚುತ್ತದೆ. ಬೇಯಿಸಿದ ಸೊಪ್ಪಿನ ಮೇಲೆ ಒಲೆಯಿಂದ ಇಳಿಸಿದ ನಂತರ ನಿಂಬೆರಸ ಹಿಂಡುವುದು, ಊಟದ ಜೊತೆಗೆ ಹಸಿ ಟೊಮೆಟೊ ಅಥವಾ ಒಂದು ಕಿತ್ತಳೆ ತಿನ್ನುವುದು ಇದಕ್ಕೆ ಸಾಕು. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶವೂ ತಗ್ಗುತ್ತದೆ. ಇಷ್ಟೆಲ್ಲ ಮಾಡಿ ಊಟ ಮುಗಿದೊಡನೆ ಚಹಾ ಅಥವಾ ಕಾಫಿ ಕುಡಿದರೆ ಮಾಡಿದ್ದರ ಬಹುಭಾಗ ವ್ಯರ್ಥ. ಅವುಗಳಲ್ಲಿರುವ ಒಗರು ಪದಾರ್ಥಗಳು ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಕರುಳಿಗೆ ದಕ್ಕಲು ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ. ಚಹಾ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಬಿಡುವವರನ್ನು ನಾನು ಕಂಡೂ ಇಲ್ಲ. ಆದರೆ ಕಬ್ಬಿಣದ ಮಾತ್ರೆಗಳನ್ನು ಮಾತ್ರ ಪರೀಕ್ಷೆಯಿಲ್ಲದೆ ತಾವಾಗಿಯೇ ನುಂಗಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಲೂಬಾರದು. ಮಿತಿಮೀರಿದರೆ ಅದು ವಿಷವಾಗುತ್ತದೆ.

ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ತಯಾರಾಗುವುದಕ್ಕೂ ಇದೇ ವಿಟಮಿನ್ ಸಿ ಬೇಕು. ಹಿಂದೆ ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ನಾವಿಕರ ವಸಡು ಊದಿ ರಕ್ತ ಸೋರುತ್ತಿದ್ದುದು, ಹಳೆಯ ಗಾಯಗಳು ಮತ್ತೆ ಬಿಚ್ಚಿಕೊಳ್ಳುತ್ತಿದ್ದುದು ಇದಿಲ್ಲದೆಯೇ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಬೇರ್ಪಡಿಸಿ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದಾಗ, ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರೇ ಬೇಗ ಚೇತರಿಸಿಕೊಂಡರು. ಅಷ್ಟು ಉಪಕಾರಿಯಾದ ಈ ವಿಟಮಿನ್ ನೀರಿನಲ್ಲಿ ಕರಗುತ್ತದೆ, ಬಿಸಿಗೆ ನಾಶವಾಗುತ್ತದೆ. ತರಕಾರಿಯನ್ನು ತೊಳೆದ ಮೇಲೆ ಹೆಚ್ಚಬೇಕೇ ಹೊರತು ಹೆಚ್ಚಿದ ಮೇಲೆ ತೊಳೆಯಬಾರದು. ಕಡಿಮೆ ನೀರಿನಲ್ಲಿ, ಮುಚ್ಚಳ ಹಾಕಿ, ಬೇಕಾದಷ್ಟೇ ಹೊತ್ತು ಬೇಯಿಸಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು. ಕ್ಯಾರೆಟ್, ಕುಂಬಳ ಮತ್ತು ಕಡುಹಸಿರು ಸೊಪ್ಪಿನಲ್ಲಿರುವ ಕೆರೋಟಿನ್ ಎಂಬ ಹಳದಿ ಬಣ್ಣದ ಅಂಶ ಇದಕ್ಕೆ ವಿರುದ್ಧ ಸ್ವಭಾವದ್ದು: ಅದು ಕೊಬ್ಬಿನಲ್ಲಿ ಕರಗುವುದರಿಂದ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು ಬೇಯಿಸಿದಾಗಲೇ ಚೆನ್ನಾಗಿ ದಕ್ಕುತ್ತದೆ. ಉತ್ಸಾಹದಿಂದ ದಿನವೂ ರಾಶಿ ಕ್ಯಾರೆಟ್ ತಿಂದವರ ಅಂಗೈ ಹಳದಿಯಾದರೆ ಕಾಮಾಲೆಯೆಂದು ಗಾಬರಿಯಾಗಬೇಕಿಲ್ಲ, ಕಣ್ಣಿನ ಬಿಳಿಭಾಗ ಬೆಳ್ಳಗೇ ಇದ್ದರೆ ಕ್ಯಾರೆಟ್ ಕಡಿಮೆ ಮಾಡಿದಾಗ ಬಣ್ಣ ತಾನಾಗಿಯೇ ಇಳಿಯುತ್ತದೆ. ಕಣ್ಣೂ ಹಳದಿಯಾಗಿದ್ದರೆ ತಡ ಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಬಾಯಿಯ ಎರಡೂ ಮೂಲೆಗಳು ಪದೇ ಪದೇ ಸೀಳುವುದಕ್ಕೆ ಬಿ ಗುಂಪಿನ ವಿಟಮಿನ್‌ಗಳ ಅಥವಾ ಕಬ್ಬಿಣದ ಕೊರತೆ ಒಂದು ಕಾರಣ, ಶಿಲೀಂಧ್ರದ ಸೋಂಕು ಇನ್ನೊಂದು. ನಾಲಿಗೆ ನುಣುಪಾಗಿ ಕೆಂಪಗಾಗಿ ಉರಿಯುತ್ತಿದ್ದು, ಜೊತೆಗೆ ಕೈಕಾಲು ಜೋಮು ಹಿಡಿಯುತ್ತಿದ್ದರೆ ಬಿ12 ಪರೀಕ್ಷೆ ಮಾಡಿಸಬೇಕು. ಈ ವಿಟಮಿನ್ ಸಹಜವಾಗಿ ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ. ಹಾಲನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಮಾತ್ರೆಯನ್ನೋ, ಬಿ12 ಬೆರೆಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು.

ಸಕ್ಕರೆಯ ಸುದ್ದಿಗೆ ಬಂದರೆ, ಹಿರಿಯರು ಮಕ್ಕಳನ್ನು ಅನ್ಯಾಯವಾಗಿ ಗದರುವ ಒಂದು ಸಂದರ್ಭವನ್ನು ಇಲ್ಲಿ ಹೇಳಲೇಬೇಕು. ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪವೆನಿಸಿದಾಗ ಅದನ್ನು ಕೊಳೆಯೆಂದು ಭಾವಿಸಿ ಉಜ್ಜಿ ಉಜ್ಜಿ ಚರ್ಮ ಕೆರೆಸುವವರಿದ್ದಾರೆ. ಅದು ಬಹುತೇಕ ಕೊಳೆಯಲ್ಲ. ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದರ, ಮುಂದೆ ಸಕ್ಕರೆ ಕಾಯಿಲೆ ಬರಬಹುದಾದುದರ ಮುನ್ಸೂಚನೆ. ರಕ್ತಪರೀಕ್ಷೆ ಮಾಡಿಸಿ, ಸಿಹಿ ಪಾನೀಯ ನಿಲ್ಲಿಸಿ, ಹೆಚ್ಚಿದ ತೂಕವನ್ನು ನಿಧಾನವಾಗಿ ಇಳಿಸಿದರೆ ಆ ಕಪ್ಪು ತಿಳಿಯಾಗುವುದುಂಟು. ಹಾಗೆಯೇ ಕಣ್ಣುರೆಪ್ಪೆಯ ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಗಂಟಿನಂತಹ ಕಲೆ ಮೂಡಿದರೆ ಅದನ್ನು ತೆಗೆಸುವ ಮೊದಲು ಕೊಲೆಸ್ಟ್ರಾಲ್ ನೋಡಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆಗಳೆಲ್ಲ ಸೇರಿ ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕೆಳಗಿದ್ದರೆ ಇನ್ನೂ ಉತ್ತಮ. ಅದು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಹಾ ಚಮಚ. ಒಂದು ಡಬ್ಬಿ ತಂಪು ಪಾನೀಯದಲ್ಲೇ ಇದಕ್ಕಿಂತ ಹೆಚ್ಚು ಇರುತ್ತದೆ. ರಕ್ತದಲ್ಲಿ ಸದಾ ಹೆಚ್ಚಿರುವ ಸಕ್ಕರೆ ಕೊಲಾಜೆನ್‌ಗೆ ಅಂಟಿ ಅದನ್ನು ಬಿರುಸಾಗಿಸುತ್ತದೆ, ಚರ್ಮದ ಸ್ಥಿತಿಸ್ಥಾಪಕ ಗುಣ ಕುಂದುತ್ತದೆ. ಮೊಡವೆಯ ವಿಷಯದಲ್ಲಿ ಎಣ್ಣೆ ತಿಂಡಿಯನ್ನೇ ದೂಷಿಸುವುದು ರೂಢಿ, ಆದರೆ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಸಿಹಿ ಮತ್ತು ಮೈದಾ ತಿನಿಸುಗಳಿಗೆ ಅದರೊಡನೆ ಇರುವ ಸಂಬಂಧ ಹೆಚ್ಚು ಸ್ಪಷ್ಟವಾಗಿ ಕಂಡುಬಂದಿದೆ. ಎಲ್ಲರಲ್ಲೂ ಹೀಗೆಯೇ ಎಂದಲ್ಲ. ಹದಿಹರೆಯದ ಮೊಡವೆಗೆ ಹಾರ್ಮೋನುಗಳೇ ಮುಖ್ಯ ಕಾರಣವಾದ್ದರಿಂದ ಮಕ್ಕಳ ಕೈಯಿಂದ ತಟ್ಟೆ ಕಿತ್ತುಕೊಂಡು ಅವರ ಮನಸ್ಸು ನೋಯಿಸುವ ಅಗತ್ಯವಿಲ್ಲ. ಹಲ್ಲಿನ ಮಟ್ಟಿಗೆ ಹೇಳುವುದಾದರೆ, ಎಷ್ಟು ಸಿಹಿ ತಿಂದೆವು ಎಂಬುದರಷ್ಟೇ ಎಷ್ಟು ಬಾರಿ ತಿಂದೆವು ಎಂಬುದೂ ಮುಖ್ಯ. ಸಿಹಿಯನ್ನು ಊಟದ ಜೊತೆಗೆ ಒಮ್ಮೆ ತಿಂದು ಮುಗಿಸಬೇಕು. ಹುಳಿ ಹಣ್ಣು ಅಥವಾ ರಸ ಸೇವಿಸಿದ ತಕ್ಷಣ ಹಲ್ಲುಜ್ಜದೆ, ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಳೆದ ಮೇಲೆ ಉಜ್ಜಬೇಕು, ಇಲ್ಲವಾದರೆ ಆಮ್ಲದಿಂದ ಮೆತ್ತಗಾದ ಹೊರಪದರ ಸವೆಯುತ್ತದೆ.

ಉಪ್ಪು ದಿನಕ್ಕೆ ಐದು ಗ್ರಾಂ ದಾಟದಿರಲಿ. ರಾತ್ರಿ ಉಪ್ಪಿನಂಶ ಜಾಸ್ತಿಯಿದ್ದ ಪೊಟ್ಟಣದ ತಿಂಡಿ ತಿಂದವರ ಕಣ್ಣಿನ ಕೆಳಗೆ ಬೆಳಿಗ್ಗೆ ಊತ ಕಾಣುವುದು ಸಾಮಾನ್ಯ. ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿದು ಮೂತ್ರ ತಿಳಿಹಳದಿಯಾಗಿದ್ದರೆ ಸಾಕು. ಅದಕ್ಕಿಂತ ಹೆಚ್ಚು ಕುಡಿದರೆ ಮುಖ ಹೊಳೆಯುತ್ತದೆ ಎಂಬುದರಲ್ಲಿ ನನಗೆ ನಂಬಿಕೆಯಿಲ್ಲ.

ಹೊಟ್ಟೆಗೆ ಹೋಗಬೇಕಾದುದನ್ನು ಮುಖಕ್ಕೆ ಹಚ್ಚುವ ಅಭ್ಯಾಸವನ್ನೂ ಇಲ್ಲೇ ಆಕ್ಷೇಪಿಸುತ್ತೇನೆ. ನಿಂಬೆರಸ ಬಳಿದುಕೊಂಡು ಬಿಸಿಲಿಗೆ ಹೋದರೆ ಅದರಲ್ಲಿರುವ ಕೆಲವು ಪದಾರ್ಥಗಳು ಸೂರ್ಯಕಿರಣದೊಡನೆ ಸೇರಿ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಬಲ್ಲವು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕೂದಲಿಗೆಂದು ಮಾರುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಗಳ ಬಗ್ಗೆಯೂ ಎಚ್ಚರವಿರಲಿ: ಸಾಮಾನ್ಯ ಊಟ ಮಾಡುವವರಲ್ಲಿ ಆ ಕೊರತೆ ಬಲು ಅಪರೂಪ, ಮೇಲಾಗಿ ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯಕ್ಕೆ ಸಂಬಂಧಿಸಿದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದು. ಅದನ್ನು ಸೇವಿಸುತ್ತಿರುವವರು ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಕೊನೆಯದಾಗಿ ಮನೆಯ ವೃದ್ಧರ ತಟ್ಟೆ. ಹಲ್ಲು ಬಿದ್ದ ಮೇಲೆ ಅವರು ಅಗಿಯಲಾಗದೆ ಮೆತ್ತನೆಯ ಗಂಜಿ, ಚಹಾದಲ್ಲಿ ಅದ್ದಿದ ಬ್ರೆಡ್ಡಿಗೆ ಇಳಿಯುತ್ತಾರೆ. ಮನೆಯವರೂ ವಯಸ್ಸಾಯಿತು, ಹಗುರವಾಗಿ ಉಣ್ಣಲಿ ಎಂದು ಸುಮ್ಮನಾಗುತ್ತಾರೆ. ಕೆನ್ನೆ ಗುಳಿ ಬೀಳುವುದು, ತೋಳು ಸೊರಗುವುದು, ಎದ್ದು ನಿಲ್ಲಲು ಕುರ್ಚಿಯ ಕೈ ಹಿಡಿಯಬೇಕಾಗುವುದು ಎಲ್ಲವೂ ಕೇವಲ ಮುಪ್ಪಿನಿಂದಲ್ಲ, ಸ್ನಾಯು ಕರಗುತ್ತಿರುವುದರಿಂದಲೂ ಹೌದು. ಈ ವಯಸ್ಸಿನಲ್ಲಿ ಪ್ರೋಟೀನಿನ ಅಗತ್ಯ ಕಡಿಮೆಯಾಗುವುದರ ಬದಲು ಕಿಲೋ ತೂಕಕ್ಕೆ ಒಂದು ಗ್ರಾಂ ಅಥವಾ ತುಸು ಹೆಚ್ಚೇ ಆಗುತ್ತದೆ, ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಬೇಕು. ಬೇಳೆಯನ್ನು ನುಣ್ಣಗೆ ಬೇಯಿಸಿ ಗಟ್ಟಿಯಾಗಿಯೇ ಬಡಿಸಿ, ಗಂಜಿಗೆ ಹಾಲೋ ಮೊಸರೋ ಬೆರೆಸಿ, ಒಪ್ಪುವವರಿಗೆ ಮೆತ್ತಗೆ ಬೆಂದ ಮೊಟ್ಟೆ ಕೊಡಿ, ಸಡಿಲವಾದ ಹಲ್ಲಿನ ಸೆಟ್ಟನ್ನು ಸರಿಪಡಿಸಲು ದಂತವೈದ್ಯರಲ್ಲಿಗೆ ಕರೆದೊಯ್ಯಿರಿ, ಸಾಧ್ಯವಾದಾಗಲೆಲ್ಲ ಅವರ ಜೊತೆಗೇ ಕುಳಿತು ಉಣ್ಣಿರಿ. ಒಬ್ಬರೇ ಕುಳಿತಾಗ ಅರ್ಧಕ್ಕೆ ಏಳುವವರು ಜೊತೆಯಿದ್ದಾಗ ಇನ್ನೆರಡು ತುತ್ತು ಹೆಚ್ಚಾಗಿಯೇ ತಿನ್ನುತ್ತಾರೆ.