ಒಂಬತ್ತು ಕುರ್ಚಿಗಾಗಿ ಒಂದು ಸಂಜೆ

ನಮ್ಮೂರಿನ ಹಳೇ ಸ್ಮಶಾನದಲ್ಲಿ 1700ರ ದಶಕದ ಸ್ಲೇಟ್ ಕಲ್ಲುಗಳಿವೆ. ಸ್ಲೇಟ್ ಅಂದ್ರೆ ಪದರ ಪದರದ ಕಲ್ಲು. ಮಳೆನೀರು ಪದರದೊಳಗೆ ಇಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ವಸಂತ ಬರುವಷ್ಟರಲ್ಲಿ ಒಂದು ಹಪ್ಪಳದಷ್ಟು ಕಲ್ಲು ಎದ್ದುಬರುತ್ತದೆ. ಒಂದು ಮಗುವಿನ ಕಲ್ಲಿನ ಮೇಲೆ ನಾನು ಮೊದಲ ಸಲ ನೋಡಿದಾಗ ಹೆಸರು ಪೂರ್ತಿ ಇತ್ತು. ಮೂರು ವರ್ಷ ಬಿಟ್ಟು ನೋಡಿದರೆ ಅರ್ಧ ಹೆಸರು ಉದುರಿಹೋಗಿತ್ತು. ಊರಿನ ಆಫೀಸಿನಲ್ಲಿ ಕೇಳಿದರೆ, ರಸ್ತೆ, ಶಾಲೆ, ಪೊಲೀಸ್ ಖರ್ಚು ಕಳೆದ ಮೇಲೆ ಇದಕ್ಕೆಲ್ಲ ದುಡ್ಡೆಲ್ಲಿ ಉಳಿಯುತ್ತೆ ಅಂದರು. ಅವರು ಹೇಳಿದ್ದು ನಿಜವೇ.

ಊರು ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ದೂರ. ಈ ರಾಜ್ಯದಲ್ಲಿ 2000ದಿಂದ ಕಮ್ಯುನಿಟಿ ಪ್ರಿಸರ್ವೇಷನ್ ಆ್ಯಕ್ಟ್ ಅನ್ನೋ ಕಾಯ್ದೆ ಇದೆ. ಊರು ತಾನಾಗಿ ಒಪ್ಪಿಕೊಂಡರೆ ಮಾತ್ರ ಅನ್ವಯ. ಒಪ್ಪಿದ ಊರು ಮನೆ ತೆರಿಗೆಯ ಮೇಲೆ ಶೇ. 3ರವರೆಗೆ ಸರ್‌ಚಾರ್ಜ್ ಹಾಕಬಹುದು. ಅದಕ್ಕೆ ರಾಜ್ಯವೂ ಒಂದು ಪಾಲು ಸೇರಿಸುತ್ತದೆ. ಆಸ್ತಿಪತ್ರ ನೋಂದಣಿ ಮಾಡಿಸುವಾಗ ಕಟ್ಟುವ ಶುಲ್ಕದಿಂದ ಬರುವ ಹಣ ಅದು. ಮೊದಲ ವರ್ಷಗಳಲ್ಲಿ ಡಾಲರಿಗೆ ಡಾಲರ್ ಸಿಗುತ್ತಿತ್ತು. ಊರುಗಳು ಜಾಸ್ತಿಯಾದಂತೆ ಪಾಲು ಸಣ್ಣದಾಯಿತು. 2019ರ ಕೊನೆಯಲ್ಲಿ ಆ ಶುಲ್ಕವನ್ನು 20ರಿಂದ 50 ಡಾಲರಿಗೆ ಏರಿಸಿದ ಮೇಲೆ ಸ್ವಲ್ಪ ಚೇತರಿಸಿಕೊಂಡಿತು.

ಹಣ ಎಲ್ಲಿಗೆ ಹೋಗಬೇಕು ಅನ್ನೋದೂ ಕಾಯ್ದೆಯಲ್ಲೇ ಇದೆ. ಪ್ರತಿ ವರ್ಷ ಶೇ. 10 ಬಯಲು ಜಾಗ ಉಳಿಸಲು, ಶೇ. 10 ಹಳೆಯ ಕಟ್ಟಡ, ಸ್ಮಾರಕಗಳಿಗೆ, ಶೇ. 10 ಕೈಗೆಟುಕುವ ಮನೆಗಳಿಗೆ. ಅಷ್ಟನ್ನು ಖರ್ಚು ಮಾಡಬೇಕು, ಇಲ್ಲವೇ ಎತ್ತಿಡಬೇಕು. ಉಳಿದದ್ದನ್ನು ಈ ಮೂರರಲ್ಲಿ ಯಾವುದಕ್ಕಾದರೂ, ಇಲ್ಲವೇ ಪಾರ್ಕು, ಆಟದ ಮೈದಾನಕ್ಕೆ ಬಳಸಬಹುದು.

ಈ ಕಾಯ್ದೆ ಒಪ್ಪಬೇಕೋ ಬೇಡವೋ ಅಂತ ಊರವರ ಮತ ಕೇಳುವ ಮೊದಲು ನಾವು ಐದಾರು ಜನ ಶನಿವಾರ ಶನಿವಾರ ಊರಿನ ಕಸದ ಕೇಂದ್ರದ ಮುಂದೆ ನಿಂತೆವು. ಇಲ್ಲಿ ಮನೆ ಬಾಗಿಲಿಗೆ ಕಸದ ಗಾಡಿ ಬರುವುದಿಲ್ಲ. ವಾರಕ್ಕೊಮ್ಮೆ ಎಲ್ಲರೂ ಅಲ್ಲಿಗೇ ಬರಬೇಕು. ಊರನ್ನು ಭೇಟಿಯಾಗಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನನ್ನ ಕೈಯಲ್ಲಿ ಕ್ಯಾಲ್ಕುಲೇಟರ್ ಇರುತ್ತಿತ್ತು. ಒಬ್ಬ ಅಜ್ಜಿ ಕಾರಿನ ಕಿಟಕಿ ಇಳಿಸಿ, "ನನಗೆಷ್ಟು ಬೀಳುತ್ತೆ, ಅಷ್ಟು ಹೇಳು" ಅಂದರು. ಮನೆ ಬೆಲೆ 5 ಲಕ್ಷ ಡಾಲರ್. ಮೊದಲ 1 ಲಕ್ಷಕ್ಕೆ ವಿನಾಯಿತಿ ಕೊಡಬೇಕೆಂದು ನಮ್ಮ ಪ್ರಸ್ತಾವದಲ್ಲಿತ್ತು. ಉಳಿದ 4 ಲಕ್ಷಕ್ಕೆ ಸಾವಿರಕ್ಕೆ 15ರಂತೆ 6,000 ತೆರಿಗೆ. ಅದರ ಮೇಲೆ ಶೇ. 1.5 ಅಂದರೆ ವರ್ಷಕ್ಕೆ 90 ಡಾಲರ್. "60 ದಾಟಿ ಆದಾಯ ಕಡಿಮೆ ಇದ್ದರೆ ಅದೂ ಇಲ್ಲ" ಅಂದೆ. ಅವರು ನನ್ನ ಕೈಯಿಂದ ಕ್ಯಾಲ್ಕುಲೇಟರ್ ಇಸಕೊಂಡು ತಾವೇ ಇನ್ನೊಂದು ಸಲ ಹೊಡೆದು ನೋಡಿದರು. ನವೆಂಬರ್ ಚುನಾವಣೆಯಲ್ಲಿ ಊರು ಹೂಂ ಅಂದಿತು.

ಅಲ್ಲಿಗೆ ಕೆಲಸ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಈ ನಿಧಿಗೆಂದೇ ಊರು ಒಂದು ಸಮಿತಿ ಮಾಡಬೇಕು, ಅದು ಶಿಫಾರಸು ಮಾಡದೆ ಒಂದು ಡಾಲರ್ ಕೂಡ ಅಲ್ಲಾಡುವಂತಿಲ್ಲ. ಸಮಿತಿ ರಚಿಸಲು ಬೈಲಾ, ಅಂದರೆ ಊರಿನದೇ ಒಂದು ನಿಯಮ, ಬೇಕು. ಬೈಲಾ ಟೌನ್ ಮೀಟಿಂಗ್‌ನಲ್ಲಿ, ಅಂದರೆ ಊರಿನ ಸಭೆಯಲ್ಲಿ, ಪಾಸಾಗಬೇಕು. ಕನಿಷ್ಠ 5, ಹೆಚ್ಚೆಂದರೆ 9 ಸದಸ್ಯರು. ಐದು ಕುರ್ಚಿ ಯಾರಿಗೆ ಅಂತ ಕಾಯ್ದೆಯೇ ಹೇಳಿದೆ: ಪರಿಸರ, ಇತಿಹಾಸ, ಯೋಜನೆ, ಪಾರ್ಕು ಮತ್ತು ವಸತಿ ಮಂಡಳಿಗಳಿಂದ ಒಬ್ಬೊಬ್ಬರು. ಉಳಿದ ನಾಲ್ಕು ಕುರ್ಚಿ ಇಡಬೇಕೋ ಬೇಡವೋ, ಇಟ್ಟರೆ ಯಾರು ತುಂಬಬೇಕು ಅನ್ನೋದನ್ನು ಊರಿಗೇ ಬಿಟ್ಟಿದೆ. ಇಡೀ ಜಗಳ ಇರುವುದು ಆ ನಾಲ್ಕು ಕುರ್ಚಿಯಲ್ಲಿ.

ಮೇ ತಿಂಗಳ ಒಂದು ಸೋಮವಾರ ಸಂಜೆ, ಹೈಸ್ಕೂಲಿನ ಸಭಾಂಗಣ. ನಮ್ಮದು ಓಪನ್ ಟೌನ್ ಮೀಟಿಂಗ್. ಅಂದರೆ ಪ್ರತಿನಿಧಿಗಳಿಲ್ಲ, ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಬಂದು ಮತ ಹಾಕಬಹುದು. ಬಾಗಿಲಲ್ಲಿ ಹೆಸರು ನೋಡಿ ಒಂದು ಹಳದಿ ಕಾರ್ಡ್ ಕೊಟ್ಟರು. ಆಗ ಅಮ್ಮ ಅರಸೀಕೆರೆಯಿಂದ ಬಂದಿದ್ದರು. ಅವರಿಗೆ ಮತ ಇಲ್ಲ, ಹಾಗಾಗಿ ಪಕ್ಕದಲ್ಲಿ ಹಗ್ಗ ಕಟ್ಟಿದ ಸಾಲಿನಲ್ಲಿ ಕೂರಿಸಿದರು. ನಮ್ಮ ವಿಷಯ ವಾರಂಟ್‌ನಲ್ಲಿ 23ನೆಯದು. ವಾರಂಟ್ ಅಂದರೆ ಆ ದಿನದ ವಿಷಯಗಳ ಪಟ್ಟಿ. ಅದರಲ್ಲಿ ಇಲ್ಲದ್ದನ್ನು ಸಭೆ ಮುಟ್ಟುವಂತಿಲ್ಲ. ಒಂಬತ್ತೂವರೆಗೆ ಅಮ್ಮ ಹಗ್ಗದ ಆಚೆಯಿಂದಲೇ, "ಅಲ್ವೇ, ಇಷ್ಟೊತ್ತಾದ್ರೂ ಯಾರೂ ಎದ್ದು ಹೋಗ್ತಿಲ್ವಲ್ಲೇ" ಅಂದರು. ಪಕ್ಕದ ಹೆಂಗಸು ಸ್ವೆಟರ್ ಹೆಣೆಯುತ್ತಿದ್ದರು. ಸಂಜೆ ಶುರುಮಾಡಿದ ತೋಳು ಮೊಣಕೈ ದಾಟಿತ್ತು.

ನಮ್ಮ ಸರದಿ ಬಂದಾಗ ಒಬ್ಬರು ಎದ್ದು ತಿದ್ದುಪಡಿ ಮಂಡಿಸಿದರು. ಒಂಬತ್ತು ಬೇಡ, ಐದೇ ಸಾಕು, ಸಣ್ಣ ಸಮಿತಿ ಬೇಗ ಕೆಲಸ ಮಾಡುತ್ತೆ ಅಂತ. ಕೇಳಲು ಸರಿ ಅನ್ನಿಸುವ ಮಾತು. ಚಪ್ಪಾಳೆಯೂ ಬಿತ್ತು. ನಾನು ಮೈಕ್ ಹತ್ತಿರ ಹೋದೆ. ಹೆಸರು, ಬೀದಿ ಹೇಳಿ, ಸಭೆ ನಡೆಸುವ ಮಾಡರೇಟರ್ ಕಡೆಗೇ ತಿರುಗಿ ಮಾತಾಡಬೇಕು. ಎದುರಾಳಿಯ ಜೊತೆ ನೇರ ವಾದ ಮಾಡುವಂತಿಲ್ಲ. ನಾನಂದೆ: "ಆ ಐದು ಜನರೂ ಈಗಾಗಲೇ ಒಂದೊಂದು ಮಂಡಳಿಯವರು. ಪ್ರತಿಯೊಬ್ಬರ ಕೈಯಲ್ಲೂ ಅವರ ಮಂಡಳಿಯ ಪಟ್ಟಿ ಇರುತ್ತದೆ. ಪಟ್ಟಿ ಇಲ್ಲದೆ ಬಂದು ಕೂರುವವರು ನಾಲ್ಕು ಜನರಾದರೂ ಬೇಡವೇ? ತೆರಿಗೆ ಕಟ್ಟುವ, ಬಾಡಿಗೆ ಮನೆಯಲ್ಲಿರುವ, ಮೊನ್ನೆ ಮೊನ್ನೆ ಊರಿಗೆ ಬಂದ ಜನ?" ಅಷ್ಟೇ. ಎರಡು ನಿಮಿಷವೂ ಆಗಲಿಲ್ಲ.

ಕಾರ್ಡುಗಳು ಎದ್ದವು. ಕಣ್ಣಳತೆಗೆ ಗೊತ್ತಾಗಲಿಲ್ಲ. ಎಣಿಸುವವರು ಸಾಲು ಸಾಲಾಗಿ ನಡೆದುಬಂದರು. ಕೈ ಎತ್ತಿಹಿಡಿದು ತೋಳು ನೋಯುತ್ತಿತ್ತು, ಇಳಿಸಲು ಭಯ. ತಿದ್ದುಪಡಿ ಬಿದ್ದುಹೋಯಿತು. ಮೂಲ ಬೈಲಾ ಒಂಬತ್ತು ಕುರ್ಚಿಯೊಂದಿಗೇ ಪಾಸಾಯಿತು.

ಇದನ್ನು ಮಾಡಹೊರಟವರಿಗೆ ಎರಡು ಮಾತು. ಊರಿನ ಹಣಕಾಸು ಸಮಿತಿಯ ಹತ್ತಿರ ಚಳಿಗಾಲದಲ್ಲೇ ಹೋಗಿ. ಅವರ ಅಭಿಪ್ರಾಯ ವಾರಂಟ್‌ನಲ್ಲೇ ಅಚ್ಚಾಗುತ್ತದೆ, ಮೀಟಿಂಗ್ ದಿನ ಓಡಾಡಿ ಪ್ರಯೋಜನ ಇಲ್ಲ. ಎರಡನೆಯದು, ಮೊದಲ ಸದಸ್ಯರ ಅವಧಿಯನ್ನು ಕೆಲವರಿಗೆ ಒಂದು, ಕೆಲವರಿಗೆ ಎರಡು, ಕೆಲವರಿಗೆ ಮೂರು ವರ್ಷ ಅಂತ ಹಂಚಿ ಬರೆಯಿರಿ. ಇಲ್ಲದಿದ್ದರೆ ಮೂರನೇ ವರ್ಷ ಕೆಲಸ ಕಲಿತವರೆಲ್ಲ ಒಟ್ಟಿಗೇ ಎದ್ದು ಹೋಗುತ್ತಾರೆ. ಬೈಲಾವನ್ನು ರಾಜ್ಯದ ಅಟಾರ್ನಿ ಜನರಲ್ ನೋಡಿ ಒಪ್ಪಬೇಕು. ಕಾಯುವ ಆ ದಿನಗಳನ್ನು ನಿಧಿಯ ಹಣ ಕೇಳುವವರಿಗೆ ಅರ್ಜಿ ನಮೂನೆ ಸಿದ್ಧಮಾಡಲು ಬಳಸಿಕೊಂಡೆವು.

ಆ ನಾಲ್ಕರಲ್ಲಿ ಒಂದು ಕುರ್ಚಿ ನನಗೆ ಸಿಕ್ಕಿತು. ಮೊದಲ ವರ್ಷ ನಾವು ಸ್ಮಶಾನದ ಕಲ್ಲುಗಳಿಗೆ ಕೇಳಿದ್ದನ್ನು ಟೌನ್ ಮೀಟಿಂಗ್ ಮೂರನೇ ಒಂದು ಭಾಗ ಕಡಿತ ಮಾಡಿತು. ಸಮಿತಿ ಹೇಳಿದ್ದಕ್ಕಿಂತ ಜಾಸ್ತಿ ಕೊಡಲು ಸಭೆಗೆ ಅಧಿಕಾರ ಇಲ್ಲ, ಕಡಿಮೆ ಮಾಡಬಹುದು, ಬೇಡವೆನ್ನಬಹುದು. ನನಗೆ ಬೇಸರವಾಯಿತು, ಆದರೆ ಕೈ ಎತ್ತಿದವರು ಊರವರೇ. ಉಳಿದ ಹಣದಲ್ಲಿ ಸ್ಮಶಾನದ ಮುಂಭಾಗದ ಎರಡು ಸಾಲು ಕಲ್ಲು ದುರಸ್ತಿ ಮಾಡಿಸಿದೆವು. ಕೆಲಸದವರು ಆ ಮಗುವಿನ ಕಲ್ಲಿನ ಬಿರುಕಿಗೆ ಸಿರಿಂಜಿನಲ್ಲಿ ಗಾರೆ ತುಂಬಿ, ಮೇಲಂಚನ್ನು ಮುಚ್ಚಿ, ನೇರ ನಿಲ್ಲಿಸಿದ್ದಾರೆ. ಉದುರಿದ ಅರ್ಧ ಹೆಸರು ವಾಪಸ್ ಬರುವುದಿಲ್ಲ. ಉಳಿದರ್ಧ ಈ ಚಳಿಗಾಲ ದಾಟಿದೆ. ಹಿಂಭಾಗದ ಸಾಲುಗಳ ಅರ್ಜಿ ಹೋದ ವಾರ ನಮ್ಮ ಮೇಜಿಗೆ ಬಂತು.